ಬೆಳಗ್ಗೆ 7:20ರ ಜಗಳ ಹಿಂದಿನ ರಾತ್ರಿಯೇ ಹುಟ್ಟಿರುತ್ತದೆ: ಮಕ್ಕಳ ದಿನನಿತ್ಯದ ರಗಳೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗ್ಗೆ 7:20. ಸ್ಕೂಲ್ ವ್ಯಾನ್ 7:40ಕ್ಕೆ ನಮ್ಮ ಕ್ರಾಸಿನ ಮೂಲೆಗೆ ಬರುತ್ತದೆ, ನಿಲ್ಲುವುದು ಹೆಚ್ಚೆಂದರೆ ಒಂದು ನಿಮಿಷ. ಯುಕೆಜಿಯ ಮಗ ಹಾಲಿನಲ್ಲಿ ನೆಲದ ಮೇಲೆ ಕೂತಿದ್ದಾನೆ. ಒಂದು ಕಾಲಿಗೆ ಸಾಕ್ಸ್ ಇದೆ, ಇನ್ನೊಂದು ಕೈಯಲ್ಲಿದೆ. ಅದರ ಹೊಲಿಗೆ ಬೆರಳಿಗೆ ಚುಚ್ಚುತ್ತದಂತೆ. ಒಲೆ ಮೇಲೆ ಚಿತ್ರಾನ್ನದ ಒಗ್ಗರಣೆ ಸೀಯುತ್ತಿದೆ. ನಾಲ್ಕನೇ ಕ್ಲಾಸಿನ ಮಗಳು ಬಾತ್‌ರೂಮಿನಿಂದ "ಅಮ್ಮಾ, ನನ್ನ ಬೆಲ್ಟ್ ಎಲ್ಲಿ?" ಅಂತ ಕೂಗುತ್ತಿದ್ದಾಳೆ. ನಾನು ಸಾಕ್ಸ್ ಕಿತ್ತುಕೊಂಡು ಅವನ ಕಾಲಿಗೆ ತುರುಕಿ, ಬೆನ್ನಿಗೆ ಒಂದು ಬಾರಿಸಿದೆ. ಅವನು ಬಿಕ್ಕುತ್ತಲೇ ವ್ಯಾನ್ ಹತ್ತಿದ. ನಾನು ವಾಪಸ್ ಬಂದು ಸೀದ ಬಾಣಲೆ ಮುಂದೆ ನಿಂತು ಕಣ್ಣೊರೆಸಿಕೊಂಡೆ.

ಇದು ಎರಡು ವರ್ಷದ ಹಿಂದಿನ ಕತೆ. ಆ ಜಗಳ ಸಾಕ್ಸಿನದ್ದಲ್ಲ ಅಂತ ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು. ಹಿಂದಿನ ರಾತ್ರಿ ಅವನು ಮಲಗಿದ್ದು 10:45ಕ್ಕೆ. ಐದು ವರ್ಷದ ಮಗು ಎಂಟು ಗಂಟೆಯೂ ನಿದ್ದೆ ಮಾಡದೆ ಎದ್ದಿತ್ತು. ದೊಡ್ಡವರಾದ ನಮಗೇ ನಿದ್ದೆಗೆಟ್ಟ ದಿನ ಆಫೀಸಿನಲ್ಲಿ ಎಲ್ಲರ ಮೇಲೂ ಸಿಟ್ಟು ಬರುತ್ತದೆ, ಅಲ್ವಾ? ಮಕ್ಕಳನ್ನು ತಿದ್ದುವುದಕ್ಕಿಂತ ಮನೆಯ ಗಡಿಯಾರವನ್ನು ತಿದ್ದುವುದು ಸುಲಭ. ಮುಂದೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಅದರ ಬಗ್ಗೆಯೇ. ನಾವು ಬೆಂಗಳೂರಿನಲ್ಲಿ, ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ ಮಾಡಿ ನೋಡಿದ್ದು ಇದು.

ಹೆಜ್ಜೆ 1: ಮೂರು ದಿನ ಏನೂ ಬದಲಿಸಬೇಡಿ, ಸುಮ್ನೆ ಬರೆದಿಡಿ

ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ ಫ್ರಿಜ್ಜಿಗೆ ಅಂಟಿಸಿ. ಜಗಳ ಆದಾಗಲೆಲ್ಲ ಮೂರೇ ವಿಷಯ ಬರೆಯಿರಿ: ಎಷ್ಟು ಗಂಟೆ, ಯಾತಕ್ಕೆ, ಮಗು ಕೊನೆಯದಾಗಿ ತಿಂದದ್ದು ಯಾವಾಗ. ತಪ್ಪು ಯಾರದ್ದು ಅಂತ ಬರೆಯಬೇಡಿ. ಬರೆದರೆ ಆ ಹಾಳೆಯ ಮೇಲೇ ಗಂಡ ಹೆಂಡತಿ ಜಗಳ ಶುರುವಾಗುತ್ತದೆ. ಅನುಭವದ ಮಾತು.

ನಮ್ಮ ಹಾಳೆಯಲ್ಲಿ ಮೂರು ದಿನಕ್ಕೆ ಹನ್ನೊಂದು ಜಗಳ ಇದ್ದವು. ಒಂಬತ್ತು ಆದದ್ದು ಬೆಳಗ್ಗೆ 7ರಿಂದ 7:40ರ ನಡುವೆ, ಇಲ್ಲಾ ರಾತ್ರಿ 9ರಿಂದ 10:30ರ ನಡುವೆ. ಉಳಿದ ಎರಡೂ ಸಂಜೆ 5ಕ್ಕೆ, ಹೊಟ್ಟೆ ಹಸಿದ ಹೊತ್ತಿಗೆ. ದಿನವಿಡೀ ಹಠ ಮಾಡುತ್ತಾನೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಹಾಳೆ ಬೇರೆಯೇ ಹೇಳುತ್ತಿತ್ತು.

ಹೆಜ್ಜೆ 2: ರಾತ್ರಿಯನ್ನು ಹಿಂದಕ್ಕೆ ಎಳೆಯಿರಿ

ಕಷ್ಟದ ಹೆಜ್ಜೆ ಇದೇ. ಇದು ಸರಿಹೋದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಬೆಳಗ್ಗೆ 6:30ಕ್ಕೆ ಏಳಬೇಕಾದ ಯುಕೆಜಿ ಮಗು ರಾತ್ರಿ 8:30ಕ್ಕೆ ಮಲಗಿದರೂ ಸಿಗುವುದು 10 ಗಂಟೆ. ಈ ಲೆಕ್ಕ ಹಾಕಿದ ದಿನ ನಾನು ಬೆಪ್ಪಾಗಿ ಕೂತೆ.

ನಮ್ಮೂರಿನಲ್ಲಿ ಅಡ್ಡ ಬರುವುದು ಟ್ರಾಫಿಕ್ಕು. ನನ್ನ ಗಂಡನ ಆಫೀಸು ಔಟರ್ ರಿಂಗ್ ರೋಡಿನಲ್ಲಿದೆ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ 8:45, ಮಳೆ ಬಂದರೆ 9:30. ಅಪ್ಪ ಬರಲಿ ಅಂತ ಮಕ್ಕಳು ಕಾಯುತ್ತಾರೆ, ಅಪ್ಪ ಬಂದಮೇಲೆ ಕುಣಿದಾಟ, ಆಮೇಲೆ ಊಟ, ಆಮೇಲೆ ನಿದ್ದೆ ಹತ್ತದೆ ಹೊರಳಾಟ. ತುಂಬ ಮನೆಗಳಲ್ಲಿ ಹೀಗೇ ಆಗುತ್ತದೆ.

ನಾವು ಮಾಡಿದ್ದು ಇಷ್ಟು:

ಮೊದಲು ಏಳುವ ಹೊತ್ತನ್ನು ಗಟ್ಟಿ ಮಾಡಿದೆವು. ದಿನಾ 6:30, ಭಾನುವಾರ ಹೆಚ್ಚೆಂದರೆ 7. ಭಾನುವಾರ 9ರವರೆಗೆ ಮಲಗಲು ಬಿಟ್ಟರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ಹಾಳಾಗುತ್ತದೆ.

ಆಮೇಲೆ ಮಲಗುವ ಹೊತ್ತನ್ನು ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತಂದೆವು. ಒಂದೇ ದಿನ 10:45ರಿಂದ 8:45ಕ್ಕೆ ಎಳೆಯಲು ಹೋದರೆ ಮಗು ಎರಡು ಗಂಟೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ, ನೀವು ಅದರ ಪಕ್ಕ ಹಲ್ಲು ಕಚ್ಚಿಕೊಂಡು ಮಲಗಿರುತ್ತೀರಿ. 15 ನಿಮಿಷದ ಲೆಕ್ಕದಲ್ಲಿ 24 ದಿನ ಹಿಡಿಯುತ್ತದೆ. ನಮಗೆ ನಡುವೆ ಒಂದು ಮದುವೆ ಬಂದು ಒಂದು ವಾರ ಜಾಸ್ತಿಯೇ ಆಯಿತು.

ಮಕ್ಕಳ ಊಟ 7:30ಕ್ಕೆ. ಅಪ್ಪನಿಗೆ ಕಾಯುವುದಿಲ್ಲ. ಇದಕ್ಕೆ ಚನ್ನರಾಯಪಟ್ಟಣದಿಂದ ಬಂದಿದ್ದ ನನ್ನ ಅತ್ತೆ, "ಮನೆ ಯಜಮಾನನೇ ಇಲ್ದೆ ಎಂಥ ಊಟನಮ್ಮ?" ಅಂದರು. ತಪ್ಪಿಲ್ಲ ಅವರದು. ಒಟ್ಟಿಗೆ ಕೂತು ಉಣ್ಣುವುದು ಒಳ್ಳೆಯದೇ. ಹಾಗಾಗಿ ಒಟ್ಟಿಗೆ ಉಣ್ಣುವುದನ್ನು ಬೆಳಗಿನ ತಿಂಡಿಗೆ ಸಾಗಿಸಿದೆವು. ಮಕ್ಕಳನ್ನು ಎಬ್ಬಿಸುವುದು, ಸ್ನಾನ, ತಿಂಡಿ ಎಲ್ಲ ಅಪ್ಪನ ಪಾಲು. ರಾತ್ರಿ ಸಿಗುತ್ತಿದ್ದ ಸುಸ್ತಾದ ಅಪ್ಪನ ಬದಲು ಬೆಳಗಿನ ಅಪ್ಪ ಸಿಕ್ಕ. ಅತ್ತೆಗೂ ಸಮಾಧಾನವಾಯಿತು, ನನ್ನ ಒಗ್ಗರಣೆ ಸೀಯುವುದೂ ನಿಂತಿತು.

ಎಂಟು ಗಂಟೆಗೆ ಟ್ಯೂಬ್‌ಲೈಟ್ ಆರಿಸಿ, ಚಿಕ್ಕ ದೀಪ ಹಾಕಿ. ಬೆಚ್ಚಗಿನ ನೀರಲ್ಲಿ ಕೈಕಾಲು ಮುಖ, ಹಲ್ಲುಜ್ಜುವುದು, ಒಂದು ಕತೆ. ದಿನಾ ಇದೇ ಸಾಲಿನಲ್ಲಿ. ಕತೆ ಹೊಸದೇ ಆಗಬೇಕಿಲ್ಲ. ನನ್ನ ಮಗ ನಲವತ್ತು ದಿನ ಒಂದೇ ಪುಣ್ಯಕೋಟಿ ಕೇಳಿದ. ಹುಲಿ ಬರುವ ಜಾಗದಲ್ಲಿ ನಾನು ಒಂದು ಸಾಲು ಹಾರಿಸಿದರೂ ಹಿಡಿಯುತ್ತಿದ್ದ.

ಹೆಜ್ಜೆ 3: ಬೆಳಗ್ಗೆಯ ಕೆಲಸ ರಾತ್ರಿಯೇ ಮುಗಿಸಿ

ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಬುಟ್ಟಿ ಇಡಿ. ಮಗುವಿಗೊಂದು. ಯೂನಿಫಾರ್ಮ್, ಬೆಲ್ಟ್, ಐಡಿ ಕಾರ್ಡ್, ಸಾಕ್ಸ್ ಎಲ್ಲ ರಾತ್ರಿಯೇ ಅದರೊಳಗೆ. ಚುಚ್ಚುವ ಸಾಕ್ಸನ್ನು ಒಳಗು ಹೊರಗು ಮಾಡಿ ಹಾಕಿದರೆ ಹೊಲಿಗೆ ಹೊರಗೆ ಹೋಗುತ್ತದೆ. ಯಾರೂ ನೋಡುವುದಿಲ್ಲ, ಶೂ ಮುಚ್ಚಿಕೊಳ್ಳುತ್ತದೆ. ಒಂದು ಏಟು ಕೊಟ್ಟಮೇಲೆ ನನಗೆ ಹೊಳೆದ ಉಪಾಯ ಇದು.

ಬ್ಯಾಗನ್ನು ಮಗುವೇ ತುಂಬಲಿ, ನೀವು ಪಕ್ಕದಲ್ಲಿರಿ. ವಾರಕ್ಕೊಮ್ಮೆ ಅದನ್ನು ತೂಗಿ ನೋಡಿ. 2019ರ ಕರ್ನಾಟಕ ಸರ್ಕಾರದ ಆದೇಶದ ಪ್ರಕಾರ 1 ಮತ್ತು 2ನೇ ತರಗತಿಯ ಬ್ಯಾಗ್ 2 ಕೆಜಿ ಮೀರಬಾರದು, 3ರಿಂದ 5ನೇ ತರಗತಿಯದ್ದು 3 ಕೆಜಿ ಮೀರಬಾರದು. ನನ್ನ ಮಗಳ ಬ್ಯಾಗ್ ತೂಗಿದರೆ ಐದು ಕೆಜಿ ಹತ್ತಿರ ಇತ್ತು. ಒಳಗೆ ನೋಡಿದರೆ ಹಳೇ ವರ್ಕ್‌ಶೀಟುಗಳು, ಎರಡು ಜಾಮಿಟ್ರಿ ಬಾಕ್ಸು, ಗೆಳತಿ ಕೊಟ್ಟ ಆರು ಕಲ್ಲು.

ಬೆಳಗ್ಗೆ "ಬೇಗ ಬೇಗ" ಅನ್ನುವುದನ್ನು ಬಿಡಿ. ಬೇಗ ಎಂದರೆ ಏನು ಅಂತ ಐದು ವರ್ಷದವರಿಗೆ ಗೊತ್ತಾಗುವುದಿಲ್ಲ. "ಹಾಡು ಮುಗಿಯೋದ್ರೊಳಗೆ ಶೂ" ಅಂದರೆ ಗೊತ್ತಾಗುತ್ತದೆ. ನಮ್ಮಲ್ಲಿ 7:25ಕ್ಕೆ ರೇಡಿಯೋದಲ್ಲಿ ಯಾವ ಹಾಡು ಬಂದರೂ ಅದೇ ಶೂ ಹಾಡು.

ಸ್ಕೂಟರಿನಲ್ಲಿ ಬಿಡುವವರಿಗೆ ಒಂದು ಮಾತು. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳನ್ನು ಕೂರಿಸಿಕೊಂಡರೆ ಅವರಿಗೆ ಹೆಲ್ಮೆಟ್, ನಿಮ್ಮ ಮೈಗೆ ಸೇರಿಸಿ ಕಟ್ಟುವ ಸೇಫ್ಟಿ ಬೆಲ್ಟ್ ಎರಡೂ ಬೇಕು, ವೇಗ ಗಂಟೆಗೆ 40 ಕಿಮೀ ಮೀರಬಾರದು. ಈ ನಿಯಮ 2023ರಿಂದ ಜಾರಿಯಲ್ಲಿದೆ. ನಾಲ್ಕು ದಾಟಿದವರಿಗೆ ದೊಡ್ಡವರಂತೆಯೇ ಹೆಲ್ಮೆಟ್ ಕಡ್ಡಾಯ. "ಇಲ್ಲೇ ಪಕ್ಕದ ಕ್ರಾಸು" ಅನ್ನುವ ನೆಪ ನಮ್ಮ ಬೀದಿಯಲ್ಲಿ ದಿನಾ ಕೇಳುತ್ತೇನೆ. ಅದೇ ಬೀದಿಯಲ್ಲೇ ಗುಂಡಿ ಇರುವುದು.

ಜನರ ನಡುವೆ ಹಠ ಹಿಡಿದಾಗ

ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಮಗನಿಗೆ ಲೈಟ್ ಹತ್ತುವ ಬಂದೂಕು ಬೇಕಾಯಿತು. ಪೀಪಿ ಆಗಲೇ ಕೊಡಿಸಿ ಆಗಿತ್ತು. ಬೇಡ ಅಂದೆ. ಅವನು ರಸ್ತೆಯಲ್ಲೇ ಮಲಗಿಬಿಟ್ಟ. ಸುತ್ತ ಕಡಲೆಕಾಯಿ ಸಿಪ್ಪೆ, ಮೇಲೆ ನೂರು ಜನರ ಕಣ್ಣು. "ಪಾಪ, ಕೊಡಿಸಮ್ಮ" ಅಂತ ಒಬ್ಬರು, "ನಾಲ್ಕು ಬಿಟ್ರೆ ಸರಿಹೋಗುತ್ತೆ" ಅಂತ ಇನ್ನೊಬ್ಬರು.

ಈ ಹೊತ್ತಿಗೆ ಮಾಡಬೇಕಾದದ್ದು ತುಂಬ ಕಡಿಮೆ. ಅದೇ ಇದರ ಕಷ್ಟ.

1. ಮೊದಲು ಜಾಗ ಬದಲಿಸಿ. ಎತ್ತಿಕೊಂಡು ಜನ ಕಡಿಮೆ ಇರುವ ಕಡೆ ಹೋಗಿ. ನಾನು ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲಿಗೆ ಹೋದೆ. ನೋಡುವವರು ಇರುವತನಕ ನಾವು ಅವರಿಗಾಗಿ ಮಗುವನ್ನು ಬೈಯುತ್ತಿರುತ್ತೇವೆ.

2. ಕುಕ್ಕರಗಾಲಿನಲ್ಲಿ ಕೂತು ಮಗುವಿನ ಎತ್ತರಕ್ಕೆ ಬನ್ನಿ. ಒಂದೇ ಸಾಲು ಹೇಳಿ: "ಆ ಬಂದೂಕು ನಿಂಗೆ ತುಂಬಾ ಬೇಕು. ಇವತ್ತು ತಗೊಳಲ್ಲ." ಕಾರಣ, ಬುದ್ಧಿಮಾತು, ದುಡ್ಡಿನ ಲೆಕ್ಕ ಬೇಡ. ಅಳುವ ಮಗುವಿನ ಕಿವಿಗೆ ಅದೆಲ್ಲ ಹೋಗುವುದಿಲ್ಲ. ಸಿಟ್ಟನ್ನು ಹಿಡಿದಿಟ್ಟುಕೊಳ್ಳುವ ಮಿದುಳಿನ ಭಾಗ ಈ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಹಾಗಾಗಿ ಬೇಕಂತಲೇ ಮಾಡುತ್ತಾನೆ ಅಂತ ನಮಗೆ ಅನಿಸುವಷ್ಟು ಅದು ಬೇಕಂತಲೇ ಆಗಿರುವುದಿಲ್ಲ.

3. ಸುಮ್ಮನಿರಿ. ನನ್ನ ಮಗ ಅವತ್ತು ಹನ್ನೆರಡು ನಿಮಿಷ ಅತ್ತ. ಗಡಿಯಾರ ನೋಡದಿದ್ದರೆ ಅರ್ಧ ಗಂಟೆ ಅನ್ನುತ್ತಿದ್ದೆ.

4. ಅಳು ಬಿಕ್ಕಳಿಕೆಗೆ ಇಳಿದಾಗ ನೀರು ಕೊಡಿ. ನಾನು ನಾಲ್ಕು ಹುರಿದ ಕಡಲೆಕಾಯಿ ಸುಲಿದು ಕೊಟ್ಟೆ. ತಿಂದು, "ಮುಂದಿನ ವರ್ಷ ಕೊಡಿಸ್ತೀಯಾ?" ಅಂದ. "ಮುಂದಿನ ವರ್ಷ ನಿನ್ನ ದುಡ್ಡು ತಗೊಂಡು ಬಾ" ಅಂದೆ. ಆ ಸಂಜೆಯೇ ಒಂದು ಗೋಲಕ ಕೊಂಡೆವು.

ಹಠಕ್ಕೆ ಸೋತು ಆ ಹೊತ್ತಿಗೇ ಕೊಡಿಸುವುದು ಮಾತ್ರ ಬೇಡ. ಹತ್ತು ಸಲದಲ್ಲಿ ಒಂದು ಸಲ ಸೋತರೂ ಮಗು ಉಳಿದ ಒಂಬತ್ತು ಸಲ ಆ ಒಂದಕ್ಕಾಗಿ ಅಳುತ್ತದೆ. ಕೊಡಿಸುವ ಮನಸ್ಸಿದ್ದರೆ ಕೇಳಿದ ತಕ್ಷಣ, ಅಳುವ ಮೊದಲೇ ಕೊಡಿಸಿಬಿಡಿ.

ಹೊಡೆಯುವ ಬಗ್ಗೆ. ನಾನು ಹೊಡೆದವಳೇ, ಆದ್ದರಿಂದ ಉಪದೇಶ ಮಾಡಲಾರೆ. ಹೊಡೆತಕ್ಕೆ ಮಗು ನಿಲ್ಲಿಸುವುದು ನೋವಿಗೆ, ಹೆದರಿಕೆಗೆ. ನಾಳೆ ಅದೇ ಕೆಲಸ ಮತ್ತೆ ಮಾಡುತ್ತದೆ, ಜೊತೆಗೆ ತಂಗಿಗೋ ತಮ್ಮನಿಗೋ ಹೊಡೆಯುವುದನ್ನೂ ಕಲಿತಿರುತ್ತದೆ. ಕೈ ಮೀರಿ ಹೋದ ದಿನ, ಇಬ್ಬರೂ ತಣ್ಣಗಾದಮೇಲೆ ಹೇಳಿ: "ನಾನು ಹೊಡೆದದ್ದು ತಪ್ಪು, ಪುಟ್ಟ. ನಂಗೆ ಸಿಟ್ಟು ಬಂದಿತ್ತು." ಅಲ್ಲಿಗೆ ನಿಲ್ಲಿಸಿ. "ಆದ್ರೆ ನೀನೂ..." ಅಂತ ಮುಂದುವರಿಸಿದರೆ ಕ್ಷಮೆ ಕೇಳಿದ ಹಾಗೆ ಆಗುವುದಿಲ್ಲ.

ಊಟ

ಸಂಜೆ 5ರ ಆ ಎರಡು ಜಗಳ ನೆನಪಿದೆಯಲ್ಲ? ಸ್ಕೂಲಿಂದ ಬಂದ ಮಗುವಿಗೆ ಬಿಸ್ಕೆಟ್ ಕೊಟ್ಟರೆ ಅರ್ಧ ಗಂಟೆಗೆ ಮತ್ತೆ ಹಸಿವು, 6:30ಕ್ಕೆ ಮತ್ತೇನೋ ಬಾಯಿಗೆ, 7:30ಕ್ಕೆ ಊಟ ಬೇಡ. ನಾವು ಬಂದ ಕೂಡಲೇ ಹೊಟ್ಟೆ ತುಂಬುವಂಥದ್ದು ಕೊಡಲು ಶುರು ಮಾಡಿದೆವು: ರಾಗಿ ಅಂಬಲಿ, ಅಕ್ಕಿರೊಟ್ಟಿ, ಚಳಿಗಾಲದಲ್ಲಿ ಅವರೆಕಾಳು ಉಸ್ಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಡಬ್ಬದ ಪುಡಿಗಳಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೆನಪಿಡಿ. ಆಮೇಲೆ ಊಟದವರೆಗೆ ನೀರು ಬಿಟ್ಟು ಬೇರೇನೂ ಇಲ್ಲ.

ಏನು ಮಾಡಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಅನ್ನುವುದು ನಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಹೊಟ್ಟೆಗೆ ಬಿಡಿ. ಹೊಸ ಪಲ್ಯ ಆದರೆ ತಟ್ಟೆಯ ಮೂಲೆಗೆ ಒಂದೇ ಚಮಚ ಹಾಕಿ, ತಿನ್ನು ಅನ್ನಬೇಡಿ. ನನ್ನ ಮಗ ಹೀರೇಕಾಯಿಯನ್ನು ಹದಿನೈದಿಪ್ಪತ್ತು ಸಲ ತಟ್ಟೆಯಲ್ಲಿ ನೋಡಿದಮೇಲೆ ಒಂದು ದಿನ ಯಾರೂ ಕೇಳದೆ ತಿಂದ. ಬೆಂಡೆಕಾಯಿ ಇವತ್ತಿಗೂ ಮುಟ್ಟುವುದಿಲ್ಲ. ಇರಲಿ, ಅವರಪ್ಪನೂ ಮುಟ್ಟುವುದಿಲ್ಲ.

ಮೊಬೈಲ್

ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 5 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಅನ್ನುವುದು ಭಾರತದ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆ. ಊರಿನ ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಮಾಡುವುದನ್ನು ಈ ಲೆಕ್ಕದಲ್ಲಿ ಹಿಡಿಯಬೇಕಿಲ್ಲ.

ಬಿಡಿಸುವಾಗ ಫೋನನ್ನು ಟಿವಿಗೆ ಬದಲಿಸಿ. ಟಿವಿ ಹಾಲಿನಲ್ಲಿರುತ್ತದೆ, ಏನು ನೋಡುತ್ತಿದ್ದಾರೆ ಅಂತ ಕಾಣುತ್ತದೆ, ಊಟಕ್ಕೆ, ಹಾಸಿಗೆಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ನಿಮಿಷದ ಲೆಕ್ಕ ಬಿಟ್ಟು ಎಪಿಸೋಡ್ ಲೆಕ್ಕ ಇಡಿ. "ಇನ್ನು ಐದು ನಿಮಿಷ" ಅಂದರೆ ಕತೆ ನಡುವಿನಲ್ಲಿ ಕಿತ್ತುಕೊಂಡ ಹಾಗಾಗುತ್ತದೆ. ನಿಮ್ಮ ಸೀರಿಯಲ್ ನಡುವೆ ಕರೆಂಟ್ ಹೋದರೆ ನಿಮಗೆ ಏನನ್ನಿಸುತ್ತದೆ? ಎರಡು ಎಪಿಸೋಡ್ ಅಂತ ಮೊದಲೇ ಹೇಳಿ, ಮುಗಿದಾಗ ಮಗುವೇ ರಿಮೋಟ್ ಒತ್ತಲಿ. ಅದಾದ ಕೂಡಲೇ ಮಾಡಲು ಏನಾದರೂ ಇರಬೇಕು, ಇದನ್ನು ಮರೆತರೆ ಎಲ್ಲ ಕೆಡುತ್ತದೆ. ನಮ್ಮಲ್ಲಿ ಟಿವಿ ಆರಿದ ಮೇಲೆ ಅವರೆಕಾಳು ಹಿಚುಕುವುದು, ಬಟಾಣಿ ಸುಲಿಯುವುದು, ಚಪಾತಿ ಹಿಟ್ಟಿನಲ್ಲಿ ಹಾವು ಮಾಡುವುದು. ಸೊಪ್ಪು ಬಿಡಿಸಲು ಕೊಟ್ಟರೆ ಅರ್ಧ ನೆಲಕ್ಕೆ ಹೋಗುತ್ತದೆ. ಹೋಗಲಿ.

ರಾತ್ರಿ ಮನೆಯ ಎಲ್ಲ ಫೋನುಗಳು ಹಾಲಿನಲ್ಲೇ ಚಾರ್ಜ್ ಆಗಲಿ. ಎಲ್ಲ ಅಂದರೆ ನಮ್ಮದೂ. ನನ್ನ ಮಗಳು ಒಂದು ದಿನ, "ಅಮ್ಮ, ನಿನ್ನ ಎಪಿಸೋಡ್ ಯಾವಾಗ ಮುಗಿಯುತ್ತೆ?" ಅಂದಳು. ಉತ್ತರ ಇರಲಿಲ್ಲ.

ಭಾನುವಾರ ಮನೆಯಲ್ಲೇ ಇದ್ದರೆ ಸ್ಕ್ರೀನ್ ಗೆಲ್ಲುತ್ತದೆ. ಹೊರಗೆ ಹೋಗಿ. ಕಬ್ಬನ್ ಪಾರ್ಕಿನ ಬಾಲಭವನ, ಲಾಲ್‌ಬಾಗಿನ ಬಂಡೆ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಯಾವುದಾದರೂ ಸರಿ. ಬಂಡೆ ಹತ್ತಿ ಇಳಿಯುವುದಕ್ಕೆ ಏನೂ ಹೆಚ್ಚಿನ ಖರ್ಚಿಲ್ಲ, ಆ ರಾತ್ರಿ ನಿದ್ದೆ ಗ್ಯಾರಂಟಿ.

ಹೋಂವರ್ಕ್ ಮತ್ತು ಅಕ್ಕ-ತಮ್ಮನ ಜಗಳ

ಹೋಂವರ್ಕಿಗೆ ದಿನಾ ಒಂದೇ ಜಾಗ, ಒಂದೇ ಹೊತ್ತು, ಆಟ ಆಡಿ ಬಂದಮೇಲೆ. ಪಕ್ಕದಲ್ಲಿ ಕೂತು ನಿಮ್ಮ ಕೆಲಸ ಮಾಡಿಕೊಳ್ಳಿ, ಪೆನ್ಸಿಲ್ ಮುಟ್ಟಬೇಡಿ. ತಪ್ಪು ತಪ್ಪಾಗಿಯೇ ಸ್ಕೂಲಿಗೆ ಹೋದರೆ ಮಗುವಿಗೆ ಏನು ಬರುವುದಿಲ್ಲ ಅಂತ ಟೀಚರಿಗೂ ಗೊತ್ತಾಗುತ್ತದೆ. ಇಷ್ಟೇ.

ಅಕ್ಕ-ತಮ್ಮ ಕಿತ್ತಾಡುವಾಗ ರಕ್ತ ಬರದ ಹೊರತು ಒಂದು ನಿಮಿಷ ಕಾಯಿರಿ. ಒಳಗೆ ಹೋದರೂ ನ್ಯಾಯ ತೀರಿಸಬೇಡಿ. "ರಿಮೋಟ್ ಒಂದೇ, ನೀವಿಬ್ಬರು. ಏನು ಮಾಡೋಣ?" ಅಂತ ಕೇಳಿ. "ನೀನು ದೊಡ್ಡವಳು, ಬಿಟ್ಟುಕೊಡು" ಅನ್ನುವ ಮಾತು ಕೇಳಿ ಬೆಳೆದ ಹಿರಿಮಕ್ಕಳಲ್ಲಿ ನಾನೂ ಒಬ್ಬಳು. ಆ ಸಿಟ್ಟು ನಲವತ್ತಕ್ಕೂ ಹೋಗಿಲ್ಲ.

ರಾತ್ರಿ ಜ್ವರ ಬಂದರೆ

ಮಳೆಗಾಲ ಶುರುವಾದರೆ ಬೆಂಗಳೂರಿನಲ್ಲಿ ಡೆಂಗ್ಯೂ ಕಾಟ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಅದೂ ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟರು ಮೊದಲೇ ಬರೆದುಕೊಟ್ಟ ಅಳತೆಯಲ್ಲಿ. ಆ ಚೀಟಿಯನ್ನು ಔಷಧಿ ಡಬ್ಬದ ಮುಚ್ಚಳಕ್ಕೆ ಅಂಟಿಸಿಡಿ, ತೂಕ ಬದಲಾದಾಗ ಚೀಟಿಯೂ ಬದಲಾಗಲಿ. ಡೆಂಗ್ಯೂ ಅನುಮಾನ ಇದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಇಳಿದ ಮೇಲೂ ಎರಡು ದಿನ ಕಣ್ಣಿಟ್ಟಿರಿ. ಡೆಂಗ್ಯೂ ಬಿಗಡಾಯಿಸುವುದು ಹೆಚ್ಚಾಗಿ ಆಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಆರು ಗಂಟೆಯಾದರೂ ಮೂತ್ರ ಮಾಡದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ.

ಜ್ವರಕ್ಕೆ ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ 108.

ಮನೆಯ ಮಾತು, ಮನೆಯ ದೊಡ್ಡವರು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಆಡುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದನ್ನು ತಡೆಯಲು ಹೋಗಲಿಲ್ಲ. ಮನೆಯೊಳಗೆ ಮಾತ್ರ ನಾವು ಕನ್ನಡವನ್ನೇ ಆಡುತ್ತೇವೆ. ಮಗು ಇಂಗ್ಲಿಷಿನಲ್ಲಿ ಕೇಳಿದರೂ ಬೈಯದೆ ಕನ್ನಡದಲ್ಲೇ ಉತ್ತರ ಕೊಡುತ್ತೇವೆ. ಇದು ಭಾಷಾಭಿಮಾನಕ್ಕಿಂತ ಹೆಚ್ಚಾಗಿ ಅಜ್ಜಿಯ ಸಲುವಾಗಿ. ಅಜ್ಜಿಗೆ ಹೇಳಿಕೊಳ್ಳಲು ಮಾತು ಇಲ್ಲದ ಮಗು ಅಜ್ಜಿಯ ಹತ್ತಿರ ಹೋಗುವುದಿಲ್ಲ.

ಅಜ್ಜಿ ಇರುವ ಮನೆಯಲ್ಲಿ ಎರಡು ಕಾನೂನು ಇರುತ್ತವೆ. ನಾನು ಬೇಡ ಅಂದ ಚಾಕಲೇಟು ಅತ್ತೆಯ ಸೆರಗಿನ ಗಂಟಿನಿಂದ ಬರುತ್ತಿತ್ತು. ಮಕ್ಕಳ ಮುಂದೆ ಒಮ್ಮೆ ಜೋರಾಗಿ ಹೇಳಿದೆ. ಮೂರು ದಿನ ಅವರು ಮಾತಾಡಲಿಲ್ಲ. ಆಮೇಲೆ ಮಕ್ಕಳು ಮಲಗಿದಮೇಲೆ, ಕಾಫಿ ಹಿಡಿದು ಕೂತು, ಮೂರೇ ವಿಷಯ ಕೇಳಿಕೊಂಡೆ: "ಊಟಕ್ಕೆ ಮುಂಚೆ ಸಿಹಿ ಬೇಡ ಅತ್ತೆ, ಮಲಗೋ ಹೊತ್ತು ಬದಲಿಸೋದು ಬೇಡ, ನಾನು ಬೇಡ ಅಂದದ್ದಕ್ಕೆ ಅವರ ಮುಂದೆ ಹೂಂ ಅನ್ನಬೇಡಿ." ಉಳಿದದ್ದೆಲ್ಲ ಅವರಿಗೆ ಬಿಟ್ಟೆ. ಎಣ್ಣೆ ಸ್ನಾನ, ಕತೆ, ಊಟವಾದಮೇಲಿನ ಒಂದು ಚಾಕಲೇಟು. "ಮೂರೇ ತಾನೆ, ಬರೆದು ಫ್ರಿಜ್ಜಿಗೆ ಅಂಟಿಸು, ಮರ್ತೋಗುತ್ತೆ" ಅಂದರು.

ಇಷ್ಟೆಲ್ಲ ಮಾಡಿ ತಿಂಗಳುಗಟ್ಟಲೆ ಆದರೂ ಮಗು ಮಂಕಾಗಿಯೇ ಇದ್ದರೆ, ಸ್ಕೂಲಿಗೆ ಹೋಗಲು ಹೆದರಿದರೆ, ತನಗೇ ನೋವು ಮಾಡಿಕೊಂಡರೆ ಅದು ಗಡಿಯಾರದ ಸಮಸ್ಯೆ ಅಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ತೊಂದರೆ ಆಗುತ್ತಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಈ ಎರಡು ನಂಬರನ್ನೂ ಅತ್ತೆಯ ಮೂರು ವಿಷಯದ ಕೆಳಗೇ, ಅದೇ ಕ್ಯಾಲೆಂಡರ್ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.